ಜೋಡಿ ಹಾಳೆ

ಸರೇಸು ಕುದಿಯುವಾಗ ಯಾರೂ ನೆಲಮಾಳಿಗೆಗೆ ಇಳಿಯುತ್ತಿರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಒಬ್ಬರೂ ಇಳಿದಿರಲಿಲ್ಲ. ಅವತ್ತು ಮಾತ್ರ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು.

ಅವಳು ತಿರುಗಿ ನೋಡಲಿಲ್ಲ. ಕೈ ಬಿಟ್ಟರೆ ಸರೇಸು ತಳ ಹಿಡಿಯುತ್ತದೆ. ಕಸಾಯಿಖಾನೆಯ ಚರ್ಮದ ಚೂರು, ಗೊರಸು, ನರ, ಎಲ್ಲವನ್ನೂ ಸುಣ್ಣದ ನೀರಿನಲ್ಲಿ ನೆನೆಸಿ, ಬೇಯಿಸಿ, ಸೋಸಿ, ಒಣಗಿಸಿ ಅವಳ ಕೇರಿಯವರು ಗಟ್ಟಿ ಬಿಲ್ಲೆ ಮಾಡುತ್ತಿದ್ದರು. ಆ ಬಿಲ್ಲೆಯನ್ನು ಇಲ್ಲಿ ಕರಗಿಸಿ ಪುಸ್ತಕದ ಬೆನ್ನಿಗೆ ಅಂಟಾಗಿ ಬಳಿಯುವುದು ಅವಳ ಕೆಲಸ. ವಾಸನೆ ಅಂತಿಂಥದ್ದಲ್ಲ. ಕೂದಲಿಗೆ ಹತ್ತುತ್ತದೆ, ಉಗುರಿಗೆ ಹತ್ತುತ್ತದೆ. ಆ ಕೇರಿಯ ಮಕ್ಕಳಿಗೆ ಹುಟ್ಟುವಾಗಲೇ ಹತ್ತಿರುತ್ತದೆ ಎಂದು ಊರು ನಂಬಿತ್ತು. ನಂಬಿದ್ದಕ್ಕೆ ತಕ್ಕಂತೆ ನಡೆದುಕೊಳ್ಳುತ್ತಿತ್ತು.

ಮೇಲೆ ಅಮೃತಶಿಲೆಯ ನೆಲದ ದೊಡ್ಡ ಗ್ರಂಥಾಲಯ. ಅವಳಿಗೆ ಹಿಂದಿನ ಬಾಗಿಲು. ಹರಿದ ಪುಸ್ತಕಗಳು ಗೋಡೆಯ ಕಿಂಡಿಯಲ್ಲಿಟ್ಟ ಹಲಗೆಯ ಮೇಲೆ ಜಾರಿ ಕೆಳಗೆ ಬರುತ್ತಿದ್ದವು. ಹೊಲಿದು, ಬೆನ್ನಿಗೆ ಸರೇಸು ಬಳಿದು, ರಟ್ಟು ಹಾಕಿ ಅದೇ ಹಲಗೆಯ ಮೇಲೆ ಇಡಬೇಕು. ಇಟ್ಟ ಪುಸ್ತಕವನ್ನು ಮೂರು ದಿನ ಯಾರೂ ಮುಟ್ಟುವಂತಿಲ್ಲ. ಸರೇಸು ಪೂರ್ತಿ ಒಣಗಿದ ಮೇಲೆ ಅಟೆಂಡರು ಒದ್ದೆ ಬಟ್ಟೆಯಲ್ಲಿ ಒರೆಸಿ ಎತ್ತಿಕೊಳ್ಳುತ್ತಿದ್ದ. ಹಸಿ ಸರೇಸು ಮೈಲಿಗೆ, ಒಣಗಿದ್ದು ಸಾಹಿತ್ಯ. ಆ ಕಟ್ಟಡದಲ್ಲಿ ಎಂಟು ಲಕ್ಷ ಪುಸ್ತಕಗಳಿದ್ದವು. ಈ ಮೂರು ದಿನದ ನಿಯಮ ಯಾವುದರಲ್ಲೂ ಬರೆದಿರಲಿಲ್ಲ, ಆದರೂ ಎಲ್ಲರಿಗೂ ಬಾಯಿಪಾಠವಾಗಿತ್ತು.

ಮುಂದೆ ಬಂದವರು ಗ್ರಂಥಪಾಲಕರು. ಎರಡು ತಿಂಗಳಿಗೆ ನಿವೃತ್ತಿ. ಕೆಟ್ಟ ಮನುಷ್ಯರಲ್ಲ, ಆದರೆ ಬೆನ್ನು ಯಾವತ್ತೋ ಬಾಗಿಹೋಗಿತ್ತು. ಅವರ ಕೈಯಲ್ಲಿ ಬಿಳಿ ಬಟ್ಟೆ ಸುತ್ತಿದ ಒಂದು ಕಟ್ಟು. ಹಿಂದೆ ಮೂಗಿಗೆ ಕರವಸ್ತ್ರ ಹಿಡಿದ ಒಬ್ಬ ಗಟ್ಟಿ ಆಳು.

"ಇವರು ನಾಯಕರ ಆಪ್ತ ಕಾರ್ಯದರ್ಶಿಗಳಮ್ಮಾ. ಹಿರಿಯರ ದಿನಚರಿ ತಂದಿದೀವಿ."

ಅವಳ ಕೈ ಒಂದು ಗಳಿಗೆ ನಿಂತಿತು.

ಹಿರಿಯರು ಅಂದರೆ ದೇಶಕ್ಕೆ ಒಬ್ಬರೇ. ಸತ್ತು ನಲವತ್ತು ವರ್ಷ. ಓದದೆ ಮಲಗದವರು. ದೇವರ ಮುಂದೆ ಕೂತರೆ ಬಾಗಿಲು ಹಾಕಿಕೊಂಡು ಕೂರುವವರು. ಅವರು ದಿನಚರಿಯಲ್ಲಿ ಬರೆದ ಪ್ರಾರ್ಥನೆಯನ್ನು ಶಾಲೆಯ ಮಕ್ಕಳು ದಿನಾ ಬೆಳಿಗ್ಗೆ ಕಿರುಚುತ್ತಿದ್ದರು. "ಅಧಿಕಾರ ಕೊಡುವುದಾದರೆ ಅದನ್ನು ಹೊರುವ ಹೆಗಲನ್ನೂ ಕೊಡು. ಹೆಗಲು ಕೊಡದಿದ್ದರೆ ಅಧಿಕಾರವನ್ನೂ ಕೊಡಬೇಡ."

ಈಗಿನ ನಾಯಕರಿಗೂ ದೇವರೆಂದರೆ ಭಕ್ತಿ. ಕಣ್ಣು ಮುಚ್ಚಿ ಕೂತ ಅವರ ಫೋಟೋ ಇಲ್ಲದ ಬೀದಿ ಇರಲಿಲ್ಲ. ಎದುರಿಗೆ ನಾಲ್ಕು ಕ್ಯಾಮೆರಾ ಇದ್ದರೂ ಏಕಾಗ್ರತೆ ಕೆಡುತ್ತಿರಲಿಲ್ಲ. ವಿದ್ಯೆ ಒಂದು ಬಾಕಿ ಇತ್ತು. ಅದನ್ನು ವಿಶ್ವವಿದ್ಯಾಲಯ ನಾಳಿದ್ದು ಗೌರವ ಡಾಕ್ಟರೇಟ್ ರೂಪದಲ್ಲಿ ಕೊಡಲಿತ್ತು.

"ನಾಳಿದ್ದು ಸಭೆಯಲ್ಲಿ ನಾಯಕರು ಈ ಪುಸ್ತಕದಿಂದಲೇ ಪ್ರಾರ್ಥನೆ ಓದ್ತಾರೆ," ಅಂದ ಕಾರ್ಯದರ್ಶಿ. "ದಾರ ಎಲ್ಲಾ ಕಿತ್ತೋಗಿದೆ. ಹೊಸದಾಗಿ ಹೊಲಿ. ಹೊಲಿಯೋವಾಗ ಒಂದು ಹಾಳೆ ತೆಗೀಬೇಕು. ಪೆನ್ಸಿಲ್ ಗುರುತು ಹಾಕಿದೀನಿ."

ಅವಳು ಕಟ್ಟು ಬಿಚ್ಚಿದಳು. ಗುರುತು ನೋಡುವ ಮೊದಲೇ ಯಾವ ಹಾಳೆ ಎಂದು ಗೊತ್ತಾಗಿತ್ತು.

"ಅದು ಬರಲ್ಲ ಸಾರ್."

"ಯಾಕೆ ಬರಲ್ಲ?"

"ಪುಸ್ತಕದಲ್ಲಿ ಒಂಟಿ ಹಾಳೆ ಅಂತ ಇರಲ್ಲ. ಒಂದು ದೊಡ್ಡ ಕಾಗದ ಮಡಚಿದ್ರೆ ಎರಡು ಹಾಳೆ. ಮಡಿಕೆ ಮೇಲೆ ಹೊಲಿಗೆ ಬೀಳುತ್ತೆ. ಈ ಹಾಳೆಗೆ ಜೋಡಿ ಆ ಕಡೆ ಇದೆ. ನೋಡಿ, ಪ್ರಾರ್ಥನೆ ಬರೆದಿರೋ ಹಾಳೆನೇ. ಎರಡೂ ಒಂದೇ ಕಾಗದ. ಇದನ್ನ ಕಿತ್ರೆ ಅದೂ ಉದುರುತ್ತೆ."

ಕಾರ್ಯದರ್ಶಿ ಗ್ರಂಥಪಾಲಕರ ಮುಖ ನೋಡಿದ. ಅವರು ನೆಲ ನೋಡಿದರು.

"ಕತ್ತರಿಸಿ ಬುಡದಲ್ಲಿ ಒಂದು ಪಟ್ಟಿ ಬಿಟ್ಟು ಅಂಟಿಸು. ಮಾಡಕ್ಕಾಗುತ್ತೆ ತಾನೆ?"

ಮಾಡಲು ಬರುತ್ತಿತ್ತು. ಅವಳು ಮತ್ತೆ ಕಡ್ಡಿ ಹಿಡಿದು ಸರೇಸು ತಿರುವಿದಳು.

"ಹಿರಿಯರು ದೇವರಂಥವರು. ದೇವರ ಬಗ್ಗೆ ಜನಕ್ಕೆ ಅನುಮಾನ ಬರಬಾರದು." ಕರವಸ್ತ್ರದ ಹಿಂದಿನ ದನಿ ಬಹಳ ಮೆತ್ತಗಿತ್ತು. "ನಿನ್ನ ಮಗಳು ಈಗ ಮೂರನೇ ವರ್ಷ ಅಲ್ವಾ? ಲಾ ಕಾಲೇಜು. ಕೊನೇ ಬೆಂಚು."

ಅವಳು ಮಗಳ ವಿಷಯ ಆ ಕಟ್ಟಡದಲ್ಲಿ ಯಾರಿಗೂ ಹೇಳಿರಲಿಲ್ಲ. ಅವಳ ಹೆಸರನ್ನೇ ಕೇಳದವರಿಗೆ ಮಗಳ ಬೆಂಚು ಯಾವುದೆಂದು ಗೊತ್ತಿತ್ತು. ಕೈಯಲ್ಲಿದ್ದ ಕಡ್ಡಿಯಿಂದ ಸರೇಸು ತೊಟ್ಟಿಕ್ಕಿ ಮುಂಗೈ ಸುಟ್ಟಿತು. ಒರೆಸಿಕೊಳ್ಳಲಿಲ್ಲ.

"ಆಗ್ಲಿ ಸಾರ್," ಅಂದಳು.

ಆ ಹಾಳೆಯಲ್ಲಿ ಇದ್ದದ್ದು ಅವಳ ಅಪ್ಪ.

ಅಪ್ಪನೂ ಪುಸ್ತಕ ಹೊಲಿಯುವವನೇ. ಊರೂರಿಗೆ ಹೋಗಿ ಅಂಗಳದಲ್ಲಿ ಕೂತು ಹೊಲಿದು ಬರುತ್ತಿದ್ದ. ಶಾಲೆಯ ರಿಜಿಸ್ಟರು ಹೊಲಿಯುವಾಗ ಮೇಷ್ಟ್ರು ಬೆಂಚಿನ ಮೇಲೆ, ಇವನು ಎದುರಿಗೆ ನೆಲದ ಮೇಲೆ. ಮೇಷ್ಟ್ರು ಬರೆಯುವುದನ್ನು ಎದುರಿನಿಂದ ನೋಡಿ ನೋಡಿಯೇ ಅಕ್ಷರ ಕಲಿತ. ಹೀಗಾಗಿ ಅವನು ಕಲಿತದ್ದೆಲ್ಲ ತಲೆಕೆಳಗು. ಪುಸ್ತಕ ನೆಟ್ಟಗೆ ಹಿಡಿದರೆ ತಡವರಿಸುತ್ತಿದ್ದ, ತಿರುಗಿಸಿ ಹಿಡಿದರೆ ನೀರು ಕುಡಿದಂತೆ ಓದುತ್ತಿದ್ದ. ಮಗಳಿಗೂ ಹಾಗೇ ಕಲಿಸಿದ. ಅವಳು ಆಮೇಲೆ ನೆಟ್ಟಗೆ ಓದಲೂ ಕಲಿತಳು, ಆದರೆ ಕೈ ಹಿಡಿದದ್ದು ಮೊದಲ ವಿದ್ಯೆಯೇ.

ಹಿರಿಯರ ಮನೆಗೂ ಅವನು ಆರು ವರ್ಷ ಹೋಗಿದ್ದ. ಅವರು ತೀರಿಕೊಂಡ ಮೇಲೆ ಅವರ ದಿನಚರಿಗಳನ್ನು ಹೊಲಿಯುವ ಕೆಲಸವೂ ಅವನಿಗೇ ಬಂತು. ಹೊಲಿಯುವಾಗ ಆ ಹಾಳೆ ಸಿಕ್ಕಿತು. ಅವತ್ತು ಮನೆಗೆ ಬಂದವನು ಊಟ ಮಾಡಲಿಲ್ಲ. ಅವಳಿಗೆ ಬುದ್ಧಿ ಬಂದ ಮೇಲೆ ಒಂದು ಸಲ ಹೇಳಿದ್ದ. "ಅವರು ನನಗೆ ಒಳಗೆ ಬಂದು ಕೂರು ಅನ್ನಲಿಲ್ಲ. ಆದರೆ ಕೂರು ಅನ್ನಲಿಲ್ಲ ಅಂತ ಬರೆದಿಟ್ಟರು. ಅಷ್ಟು ಬರೆದ ಇನ್ನೊಬ್ಬ ದೊಡ್ಡ ಮನುಷ್ಯನನ್ನ ನಾನು ನೋಡಿಲ್ಲ." ಹೊಗಳುತ್ತಿದ್ದನೋ ಬೈಯುತ್ತಿದ್ದನೋ ಅವಳಿಗೆ ಆಗ ತಿಳಿಯಲಿಲ್ಲ. ಈಗಲೂ ಪೂರ್ತಿ ತಿಳಿದಿಲ್ಲ. ಅಪ್ಪ ಸತ್ತು ಹದಿನಾರು ವರ್ಷ. ಅವನ ಒಂದು ಫೋಟೋ ಇಲ್ಲ, ಸಹಿ ಇಲ್ಲ, ಗೋರಿಯ ಮೇಲೆ ಕಲ್ಲಿಲ್ಲ. ಅವನು ಬದುಕಿದ್ದ ಎನ್ನುವುದಕ್ಕೆ ಲೋಕದಲ್ಲಿದ್ದದ್ದು ಆ ಒಂದು ಹಾಳೆ.

ಸಂಜೆ ಮನೆಗೆ ಬಂದಾಗ ಮಗಳು ಸೋಪು ಹಾಕಿ ತಲೆ ತೊಳೆಯುತ್ತಿದ್ದಳು. ದಿನಾ ತೊಳೆಯುತ್ತಿದ್ದಳು. ಪಕ್ಕ ಯಾರೂ ಕೂರುವುದಿಲ್ಲ ಎಂದು ಒಮ್ಮೆಯೂ ಹೇಳಿರಲಿಲ್ಲ, ಸೋಪು ಮಾತ್ರ ಬೇಗ ಬೇಗ ಮುಗಿಯುತ್ತಿತ್ತು. ಅಮ್ಮ ಹೊಸ್ತಿಲ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿದಳು.

ಮಗಳು ತಲೆ ಒರೆಸಿಕೊಳ್ಳುವುದನ್ನು ನಿಲ್ಲಿಸಿದಳು. "ತಾತನ ವಿಷಯ ಬರೆದಿರೋ ಹಾಳೆ ಇದೆ ಅಂತ ಇಷ್ಟು ವರ್ಷ ನಂಗ್ಯಾಕೆ ಹೇಳಲಿಲ್ಲ?"

"ಹೇಳಿ ಏನ್ ಮಾಡ್ಬೇಕಿತ್ತು? ನೀನು ಕಾಲೇಜಲ್ಲಿ ಹೋಗಿ ಹೇಳ್ತಿದ್ದೆ. ಮೊದ್ಲೇ ನಿನ್ನ ನಾಲಿಗೆಗೆ ಮೂಳೆ ಇಲ್ಲ."

"ನಿನ್ನ ಮಗಳಲ್ವಾ."

ಇಬ್ಬರೂ ನಗಲಿಲ್ಲ. ಬೀದಿಯ ತುದಿಯಲ್ಲಿ ಒಂದು ಬಿಳಿ ಜೀಪು ನಿಂತಿತ್ತು. ಆ ಕೇರಿಯಲ್ಲಿ ಜೀಪು ನಿಂತರೆ ಒಲೆಗಳು ತಾವಾಗಿಯೇ ಆರುತ್ತವೆ. ಅಕ್ಕಪಕ್ಕದ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು.

"ಕತ್ತರಿಸಿ ಕೊಟ್ಟುಬಿಡ್ತೀನಿ," ಅಂದಳು ಅಮ್ಮ. "ಸತ್ತವನಿಗೆ ಕಾಗದ ಯಾಕೆ? ನೀನು ಓದು ಮುಗಿಸು."

ಮಗಳು ಜೀಪನ್ನೇ ನೋಡುತ್ತಿದ್ದಳು. "ಒಳ್ಳೇ ಬ್ಲೇಡು ಇಟ್ಕೊಂಡಿದೀಯ ತಾನೆ? ಒರಟಾಗಿ ಕತ್ತರಿಸ್ಬೇಡ. ಅಷ್ಟು ಅಚ್ಚುಕಟ್ಟಾಗಿ ಹೊಲಿದಿದ್ದು ತಾತ." ಅಷ್ಟು ಹೇಳಿ ಒಳಗೆ ಹೋದಳು. ಅವಳು ಬೈದಿದ್ದರೆ ಅಮ್ಮನಿಗೆ ಸುಲಭವಾಗುತ್ತಿತ್ತು.

ಮರುದಿನ ಬೆಳಿಗ್ಗೆ ಅವಳು ಹಳೆಯ ದಾರ ಬಿಚ್ಚಿದಳು. ಅಪ್ಪ ಹಾಕಿದ ಗಂಟು ಅವಳಿಗೆ ಗೊತ್ತು. ಕೊನೆಯಲ್ಲಿ ಎರಡು ಸುತ್ತು ಜಾಸ್ತಿ ಹಾಕುತ್ತಿದ್ದ. ಆ ಕಾಗದವನ್ನು ಮೇಜಿನ ಮೇಲೆ ಹರಡಿದಳು. ಎಡಕ್ಕೆ ಪ್ರಾರ್ಥನೆ. ಬಲಕ್ಕೆ ಅಪ್ಪ. ಬ್ಲೇಡನ್ನು ಕಲ್ಲಿಗೆ ಮಸೆದಳು. ಸ್ಕೇಲು ಇಟ್ಟಳು. ಬ್ಲೇಡು ಇಟ್ಟಳು.

ಇಟ್ಟು ಹಾಗೇ ನಿಂತಳು. ಬೆನ್ನು ನೋಯುವವರೆಗೂ ನಿಂತಳು. ಸರೇಸು ತಳ ಹಿಡಿದು ಹೊಗೆ ಬಂತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ.

ಆಮೇಲೆ ಬ್ಲೇಡು ತೆಗೆದಿಟ್ಟು ಸೂಜಿಗೆ ದಾರ ಪೋಣಿಸಿದಳು.

ಮಧ್ಯಾಹ್ನ ಕಾರ್ಯದರ್ಶಿ ಬಂದ. ಈ ಸಲ ಮೂರು ಮೆಟ್ಟಿಲು ಮೇಲೇ ನಿಂತ. ಸರೇಸು ಹಸಿಯಾಗಿತ್ತಲ್ಲ.

"ತೋರಿಸು."

ಅವಳು ಪ್ರಾರ್ಥನೆಯ ಹಾಳೆ ತೆರೆದು ತೋರಿಸಿದಳು. ಆಮೇಲೆ ಒಂದೊಂದೇ ಹಾಳೆ ತಿರುವುತ್ತಾ ಬಂದಳು. ಗುರುತಿನ ಜಾಗ ಬಂದಾಗ ಎರಡು ಹಾಳೆ ಒಟ್ಟಿಗೆ ತಿರುವಿದಳು. ಕೈಗೆ ತೆಗೆದುಕೊಂಡು ನೋಡಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ಅವನು ಕೈಗೆ ತೆಗೆದುಕೊಳ್ಳುವವನಲ್ಲ. ಅವನ ಅಜ್ಜನೂ ತೆಗೆದುಕೊಂಡಿರಲಿಲ್ಲ.

"ಕತ್ತರಿಸಿದ ಹಾಳೆ?"

"ಒಲೆಗೆ ಹಾಕ್ದೆ ಸಾರ್. ನಾನು ಮುಟ್ಟಿದ್ದು, ಸರೇಸು ಹತ್ತಿತ್ತು. ನಿಮಗೆ ಹ್ಯಾಗೆ ಕೊಡ್ಲಿ?"

ಅವನಿಗೆ ಖುಷಿಯಾಯಿತು. "ಬುದ್ಧಿವಂತೆ. ಇದು ನಾಳೆ ಹೊತ್ತಿಗೆ ಒಣಗುತ್ತಾ?"

"ಮೂರು ದಿನ ಬೇಕು."

"ಬೇರೆ ಅಂಟು ಹಾಕಬಾರದಿತ್ತಾ?"

"ಹಳೇ ಕಾಗದ ಸಾರ್. ಬೇರೆ ಅಂಟು ತಿಂದುಹಾಕುತ್ತೆ."

ಅವನು ಯೋಚಿಸಿದ. ನಾಯಕರು ಮಡಿವಂತರು, ಅದನ್ನು ಪತ್ರಿಕೆಗಳು ಬಹಳ ಮೆಚ್ಚಿ ಬರೆಯುತ್ತಿದ್ದವು. ಹಸಿ ಸರೇಸಿನ ಪುಸ್ತಕ ಅವರು ಮುಟ್ಟುವ ಮಾತೇ ಇಲ್ಲ. "ಹಾಗಾದ್ರೆ ನೀನೇ ಹಿಡ್ಕೋ. ಬಿಳಿ ಗ್ಲೌಸು ಕೊಡಿಸ್ತೀನಿ. ಮೇಜಿನ ಮುಂದೆ ಹೂವಿನ ಸಾಲು ಇರುತ್ತೆ, ಅದರ ಹಿಂದೆ ಮಂಡಿಯೂರಿ ಕೂತ್ಕೋ. ಕ್ಯಾಮೆರಾಗೆ ಬರೀ ಕೈ ಕಾಣ್ಬೇಕು. ತಲೆ ಎತ್ತಬಾರದು. ತಿಳೀತಾ?"

"ತಿಳೀತು ಸಾರ್."

ಅವಳ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ನಾಳೆ ಮುಗಿದರೆ ಪುಸ್ತಕ ಗಾಜಿನ ಪೆಟ್ಟಿಗೆ ಸೇರುತ್ತದೆ. ಅಪ್ಪ ಒಳಗೆ ತಣ್ಣಗೆ ಇರುತ್ತಾನೆ. ಮಗಳು ಓದು ಮುಗಿಸುತ್ತಾಳೆ. ಅಷ್ಟಾದರೆ ಸಾಕಿತ್ತು.

ಸಭಾಂಗಣ ತುಂಬಿ ತುಳುಕುತ್ತಿತ್ತು. ಅವಳನ್ನು ಎರಡು ಗಂಟೆ ಮೊದಲೇ ತಂದು ಹೂವಿನ ಹಿಂದೆ ಕೂರಿಸಿದ್ದರು. ಮಂಡಿಯ ಕೆಳಗೆ ಬರೀ ಕಲ್ಲು. ಎದುರಿಗೆ ಬಿಳಿ ಬಟ್ಟೆ ಹಾಸಿದ ಮೇಜು, ಆಚೆ ಕಡೆ ನಾಯಕರು ನಿಲ್ಲುವ ಜಾಗ. ಮೇಜಿನ ಮೇಲೆ ಕೈ ಚಾಚಿ ಪುಸ್ತಕ ತೆರೆದು ಹಿಡಿದಿದ್ದಳು. ಪುಸ್ತಕ ನಾಯಕರ ಕಡೆಗೆ ನೆಟ್ಟಗೆ, ಅವಳ ಕಡೆಗೆ ತಲೆಕೆಳಗು. ಅಪ್ಪ ಕೂತ ಹಾಗೇ ಕೂತಿದ್ದೇನೆ ಎಂದು ಅವಳಿಗೆ ಆಗ ಹೊಳೆಯಿತು.

ವಿಶ್ವವಿದ್ಯಾಲಯದ ಕುಲಪತಿಗಳು ನಾಯಕರಿಗೆ ನಿಲುವಂಗಿ ತೊಡಿಸಿ ಕಾಲು ಮುಟ್ಟಿದರು. ವಿದ್ಯೆ ಬಗ್ಗಿತು, ಅಧಿಕಾರ ಆಶೀರ್ವದಿಸಿತು, ಜನ ಚಪ್ಪಾಳೆ ತಟ್ಟಿದರು. ನಾಯಕರು ಮೇಜಿನ ಬಳಿ ಬಂದರು. ಬಿಳಿ ಕೈಗಳನ್ನು ನೋಡಿ ಅರ್ಧ ಹೆಜ್ಜೆ ಹಿಂದೆ ನಿಂತರು. ಕಣ್ಣು ಮುಚ್ಚಿದರು. ಕ್ಯಾಮೆರಾಗಳು ಮಿಂಚಿದವು.

ಪ್ರಾರ್ಥನೆ ಅವರಿಗೆ ಬಾಯಿಪಾಠ. ಗಾಳಿಯಲ್ಲಿ ಬೆರಳಾಡಿಸುತ್ತಾ ಓದುವವರಂತೆ ಒಪ್ಪಿಸಿದರು. ಬೆರಳು ಮೂರನೇ ಸಾಲಿನಲ್ಲಿತ್ತು, ಬಾಯಿ ಕೊನೆಯ ಸಾಲಿನಲ್ಲಿತ್ತು. ಅವಳು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು. ಇನ್ನು ಒಂದು ನಿಮಿಷ, ಅಷ್ಟೆ.

ನಾಯಕರು ನಿಲ್ಲಿಸಲಿಲ್ಲ.

"ಹಿರಿಯರು ಮುಂದೆ ಏನು ಬರೆದಿದ್ದಾರೆ ಗೊತ್ತೇ?" ದನಿ ಗದ್ಗದವಾಯಿತು. "ಇಲ್ಲೇ ಬರೆದಿದ್ದಾರೆ, ಓದುತ್ತೇನೆ ಕೇಳಿ. 'ನನ್ನ ಮನೆಗೆ ಬಂದ ಯಾರನ್ನೂ ನಾನು ಅಂಗಳದಲ್ಲಿ ನಿಲ್ಲಿಸಲಿಲ್ಲ. ಕಸ ಗುಡಿಸುವವನನ್ನೂ, ಚಪ್ಪಲಿ ಹೊಲಿಯುವವನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಉಂಡೆ.' ನೋಡಿ, ಎಂಥ ಮನಸ್ಸು! ಅವರ ದಾರಿಯಲ್ಲೇ ನಾನೂ..."

ಅವಳು ಹಾಳೆ ನೋಡಿದಳು. ತಲೆಕೆಳಗಿನ ಅಕ್ಷರ ನೀರಿನಷ್ಟು ಸ್ಪಷ್ಟವಾಗಿತ್ತು. ಅಂಥದ್ದೊಂದು ಅಕ್ಷರವೂ ಅಲ್ಲಿರಲಿಲ್ಲ.

ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಆರು ವರ್ಷ ಅಂಗಳದ ಬಿಸಿಲಿನಲ್ಲಿ ಬೆಂದ ಅಪ್ಪ ಆ ಚಪ್ಪಾಳೆಯಲ್ಲಿ ಒಳಮನೆಯಲ್ಲಿ ಕೂತು ಉಂಡವನಾಗಿ ಹೋದ. ಅವನ ಬಾಯಾರಿಕೆಯನ್ನೂ ಕಸಿದುಕೊಂಡರು. ಮಗಳ ಮುಖ ಕಣ್ಣೆದುರು ಬಂತು. ಬಂದು, ಹೋಗದೆ ಅಲ್ಲೇ ನಿಂತಿತು.

ಗ್ಲೌಸು ಹಾಕಿಕೊಂಡು ಹಾಳೆ ತಿರುವಲು ಬರುವುದಿಲ್ಲ. ಬಲಗೈಯದನ್ನು ಹಲ್ಲಿನಿಂದ ಕಚ್ಚಿ ಎಳೆದಳು. ಸುಟ್ಟ ಕಲೆಗಳ ಕಪ್ಪು ಕೈ ಬಿಳಿ ಬಟ್ಟೆಯ ಮೇಲೆ ಬಂತು. ಜೋಡಿ ಹಾಳೆ ತೆರೆಯಿತು.

"ಅದು ಇಲ್ಲಿ ಬರೆದಿಲ್ಲ," ಅಂದಳು.

ಮೈಕು ಒಳ್ಳೆಯದಿತ್ತು. ಕೊನೆಯ ಸಾಲಿನವರೆಗೂ ಕೇಳಿಸಿತು.

ಮಂಡಿ ಸಿಡಿಯುತ್ತಿತ್ತು. ಮೇಜು ಹಿಡಿದು ಎದ್ದು ನಿಂತಳು. ಹೂವಿನ ಕುಂಡ ಒಂದು ಉರುಳಿತು. ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಳ್ಳಲಿಲ್ಲ. ನಾಯಕರ ಕಡೆಗೇ ನೆಟ್ಟಗೆ ಹಿಡಿದು, ತಾನು ತಲೆಕೆಳಗಾಗಿಯೇ ಓದಿದಳು.

"ಇಂದು ಪುಸ್ತಕ ಹೊಲಿಯುವವನು ಬಂದಿದ್ದ. ಉರಿ ಬಿಸಿಲು. ಅಂಗಳದಲ್ಲೇ ಕೂರಿಸಿದೆ."

"ಏಯ್!" ಎಂದು ಕಾರ್ಯದರ್ಶಿ ಓಡಿ ಬಂದ. ಮೇಜಿನವರೆಗೂ ಬಂದ. ಕೈ ಚಾಚಿದ. ಪುಸ್ತಕದ ಬೆನ್ನಿನಲ್ಲಿ ಸರೇಸು ಹಸಿಹಸಿಯಾಗಿ ಹೊಳೆಯುತ್ತಿತ್ತು. ಚಾಚಿದ ಕೈ ಅಲ್ಲೇ ನಿಂತಿತು.

"ಹೊಲಿದು ಮುಗಿಸಿ ನೀರು ಕೇಳಿದ. ಮನೆಯವರು ಎತ್ತರದಿಂದ ಅವನ ಬೊಗಸೆಗೆ ಸುರಿದರು. ಅರ್ಧ ನೆಲಕ್ಕೆ ಹೋಯಿತು. ನಾನು ನೋಡುತ್ತಾ ಕುಳಿತಿದ್ದೆ. ನನ್ನ ತೊಡೆಯ ಮೇಲೆ ಧರ್ಮಗ್ರಂಥವಿತ್ತು."

"ಕಿತ್ಕೊಳ್ರೋ!" ಕಾರ್ಯದರ್ಶಿ ಹಿಂದೆ ತಿರುಗಿ ಕೂಗಿದ. ಯಾರಿಗೆ ಹೇಳಿದ ಎಂದು ಯಾರಿಗೂ ತಿಳಿಯಲಿಲ್ಲ. ವೇದಿಕೆಯ ಮೇಲೆ ಇದ್ದವರೆಲ್ಲ ಕೈ ಶುದ್ಧವಿಟ್ಟುಕೊಂಡವರು. ಒಬ್ಬರು ಇನ್ನೊಬ್ಬರ ಮುಖ ನೋಡಿದರು. ನಾಯಕರು ನಿಲುವಂಗಿಯ ಅಂಚನ್ನು ಎತ್ತಿ ಹಿಡಿದುಕೊಂಡು ಇನ್ನೊಂದು ಹೆಜ್ಜೆ ಹಿಂದೆ ಸರಿದರು.

"ಮನುಷ್ಯರೆಲ್ಲ ಒಂದೇ ಎಂದು ನಿನ್ನೆ ಸಭೆಯಲ್ಲಿ ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ನನ್ನ ಓದು ನನ್ನ ಹೊಸ್ತಿಲನ್ನೇ ದಾಟಿಲ್ಲ. ಆರು ವರ್ಷದಿಂದ ಬರುತ್ತಿದ್ದಾನೆ. ಅವನ ಹೆಸರನ್ನೂ ಕೇಳಿಲ್ಲ. ನಾಳೆ ಕೇಳುತ್ತೇನೆ."

ಅಲ್ಲಿಗೆ ಮುಗಿದಿತ್ತು. ಅವಳು ಒಂದು ಮಾತು ಸೇರಿಸಿದಳು. ಅದು ಪುಸ್ತಕದ್ದಲ್ಲ, ಅವಳದ್ದು.

"ಕೇಳಲಿಲ್ಲ," ಅಂದಳು. "ಅವನು ನಮ್ಮಪ್ಪ."

ಆಗ ಮೈಕು ಸತ್ತಿತು.

ಸಭಾಂಗಣದ ಹಿಂದಿನ ಕೋಣೆಯಲ್ಲಿ ಒಂದು ಮೇಜು, ಒಂದು ಕುರ್ಚಿ. ಕುರ್ಚಿಯ ಮೇಲೆ ಪೊಲೀಸ್ ಅಧಿಕಾರಿ. ಅವಳು ನಿಂತಿದ್ದಳು. ಪುಸ್ತಕ ಇನ್ನೂ ಅವಳ ತೋಳಿನಲ್ಲೇ ಇತ್ತು. ಅದನ್ನು ಹಾಕಿಕೊಳ್ಳಲು ಪ್ಲಾಸ್ಟಿಕ್ ಚೀಲ ತರುತ್ತೇವೆಂದು ಹೋದವರು ಬಂದಿರಲಿಲ್ಲ. ಹೊರಗೆ ಕಿಟಕಿಯ ಬಾಗಿಲುಗಳನ್ನು ಒಂದೊಂದಾಗಿ ಎಳೆದು ಹಾಕುತ್ತಿದ್ದರು.

ಕಾರ್ಯದರ್ಶಿ ಬಾಗಿಲಲ್ಲಿ ನಿಂತು ಕರವಸ್ತ್ರ ಮಡಚಿ ಜೇಬಿಗಿಟ್ಟ. ದನಿ ಮೊದಲಿನಷ್ಟೇ ಮೆತ್ತಗಿತ್ತು. "ನಿನ್ನ ಮಗಳನ್ನ ಕಾಲೇಜಿಂದ ಕರ್ಕೊಂಡು ಬರೋಕೆ ಹೇಳಿದೀನಿ. ಜೀಪು ಹೋಗಿದೆ." ಹೇಳಿ ಹೊರಟುಹೋದ. ಬಾಗಿಲು ಮುಚ್ಚಿಕೊಂಡಿತು.

ಅವಳು ಗೋಡೆಗೆ ಒರಗಿಕೊಂಡಳು. ಕೂರು ಎಂದು ಯಾರೂ ಹೇಳಲಿಲ್ಲ.

ಅಧಿಕಾರಿ ಒಂದು ಹೊಸ ಹಾಳೆ ತೆಗೆದ. ಪೆನ್ನಿನ ಮುಚ್ಚಳ ಬಿಚ್ಚಿದ.

"ಹೆಸರು?"

ಅವಳು ಅವನನ್ನೇ ನೋಡಿದಳು. ಗ್ರಂಥಾಲಯದ ಹಾಜರಿ ಪಟ್ಟಿಯಲ್ಲಿ ಅವಳು 'ಬೈಂಡಿಂಗ್, ಒಂದು'. ಕಿಂಡಿಯ ಆಚೆಯವರಿಗೆ 'ಏಯ್ ಸರೇಸು'.

"ಹೆಸರು ಕೇಳಿದ್ದು. ಕಿವಿ ಕೇಳ್ಸಲ್ವಾ?"

"ಕೇಳ್ಸುತ್ತೆ ಸಾರ್."

ಅವಳು ಹೇಳಿದಳು. ನಿಧಾನವಾಗಿ, ಒಂದೊಂದು ಅಕ್ಷರ ಬಿಡಿಸಿ ಹೇಳಿದಳು. ಅಧಿಕಾರಿ ಬರೆಯಹೋಗಿ ತಲೆ ಎತ್ತಿದ.

"ಇದು ಗಂಡಸಿನ ಹೆಸರು."

"ನಮ್ಮಪ್ಪಂದು."

"ಎಲ್ಲಿದಾನೆ ಅವನು?"

"ಸತ್ತು ಹದಿನಾರು ವರ್ಷ ಆಯ್ತು."

"ಮತ್ತೆ ಅವನ ಹೆಸರು ನಂಗ್ಯಾಕೆ?"

ಅವಳು ಗೋಡೆ ಬಿಟ್ಟು ನೆಟ್ಟಗೆ ನಿಂತಳು. ದೂರದಲ್ಲೆಲ್ಲೋ ಜೀಪು ಬಂದು ನಿಂತ ಸದ್ದಾಯಿತು. ಅಧಿಕಾರಿಯ ಮುಂದಿದ್ದ ಹಾಳೆ ಅವಳಿಗೆ ತಲೆಕೆಳಗಾಗಿತ್ತು, ಅವನು ಬರೆದರೆ ಅಕ್ಷರ ತಪ್ಪಾದರೂ ಅವಳಿಗೆ ಗೊತ್ತಾಗುತ್ತಿತ್ತು.

"ಮೊದ್ಲು ಅದನ್ನ ಬರ್ಕೊಳ್ಳಿ ಸಾರ್," ಅಂದಳು. "ಆಮೇಲೆ ನಂದು ಹೇಳ್ತೀನಿ."